ಬರೀ ಒಂಬತ್ತು ದಿನ

ಕ್ಯಾಲಿಫೋರ್ನಿಯಾದ ಚಿನ್ನದ ಕಥೆ ಓದುವಾಗೆಲ್ಲ ಎರಡು ತಾರೀಖುಗಳ ಹತ್ತಿರ ನನ್ನ ಕಣ್ಣು ನಿಂತುಬಿಡುತ್ತದೆ. 1848ರ ಜನವರಿ 24ರಂದು ಕೊಲೋಮಾದಲ್ಲಿ, ಮರ ಕೊಯ್ಯುವ ಮಿಲ್ ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್‌ಗೆ ಕಾಲುವೆಯ ನೀರಿನಲ್ಲಿ ಹೊಳೆಯುವ ಚೂರು ಸಿಕ್ಕಿತು. ಫೆಬ್ರವರಿ 2ರಂದು ಮೆಕ್ಸಿಕೋ ಸಹಿ ಹಾಕಿ ಅದೇ ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಮಧ್ಯೆ ಬರೀ ಒಂಬತ್ತು ದಿನ! ಸಹಿ ಹಾಕಿದವರಿಗೆ ಚಿನ್ನದ ಸುದ್ದಿಯೇ ಗೊತ್ತಿರಲಿಲ್ಲ.

ಮಾರ್ಷಲ್ ಆ ಚೂರನ್ನು ಕಲ್ಲಿನ ಮೇಲಿಟ್ಟು ಜಜ್ಜಿ ನೋಡಿದ. ಒಡೆಯಲಿಲ್ಲ, ಚಪ್ಪಟೆಯಾಯಿತು. ಕೆಲಸದವರಿಗೆ ಅಡುಗೆ ಮಾಡುತ್ತಿದ್ದ ಜೆನ್ನಿ ವಿಮ್ಮರ್ ಅದನ್ನು ಸೋಪು ಮಾಡೋ ಕ್ಷಾರದ ನೀರಿನಲ್ಲಿ ಕುದಿಸಿದಳು, ಹೊಳಪು ಹಾಗೇ ಇತ್ತು. ನನಗಂತೂ ಲ್ಯಾಬ್ ಪರೀಕ್ಷೆಗಿಂತ ಇದೇ ಇಷ್ಟ.

ಆಮೇಲೆ ಜನ ನುಗ್ಗಿದ್ದೇ ನುಗ್ಗಿದ್ದು. ಎತ್ತಿನ ಗಾಡಿಯಲ್ಲಿ ತಿಂಗಳುಗಟ್ಟಲೆ ಬಂದವರು, ಪನಾಮಾದ ಕಾಡು ದಾಟಿ ಬಂದವರು, ಚೀನಾದಿಂದ, ಚಿಲಿಯಿಂದ ಹಡಗು ಹತ್ತಿದವರು. ನಿಜವಾಗಿ ದುಡ್ಡು ಮಾಡಿದವನು ಅಂದರೆ ಸ್ಯಾಮ್ ಬ್ರ್ಯಾನನ್. ಅವನು ಮಣ್ಣು ಸೋಸಲಿಲ್ಲ, ಸುಮ್ನೆ ಗುದ್ದಲಿ, ಬಾಣಲೆ ಮಾರಿದ! ಮಾರ್ಷಲ್ ಬಡವನಾಗಿಯೇ ಸತ್ತ.

ಅಲ್ಲಿನ ಮೂಲನಿವಾಸಿಗಳ ಕಥೆ ಮಾತ್ರ ಓದೋಕೆ ಆಗಲ್ಲ. ಸುಮಾರು 1,50,000 ಇದ್ದವರು 1870ರ ಹೊತ್ತಿಗೆ 30,000ದ ಆಸುಪಾಸಿಗೆ ಇಳಿದರು. ರೋಗ, ಹಸಿವು, ಜೊತೆಗೆ ಸರ್ಕಾರದ ದುಡ್ಡಿನಲ್ಲೇ ನಡೆದ ಕೊಲೆಗಳು.

ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ನಾವಿಕರು ಹಡಗು ಬಿಟ್ಟು ಗಣಿ ಕಡೆ ಓಡಿದ್ದರು. ಅಂಥ ಕೆಲವು ಹಡಗುಗಳ ಮೇಲೆಯೇ ಮಣ್ಣು ಸುರಿದು ಊರು ಬೆಳೆಸಿದರು. ಅವು ಈಗಲೂ ಪೇಟೆಯ ರಸ್ತೆಗಳ ಅಡಿಯಲ್ಲಿವೆ.