ಆ ಹಳೇ ಕಾಗದದಲ್ಲಿ ಇನ್ನೇನಿದೆ ಎಂದು ಕೇಳುವವರಿಗೆ

ಮನೆಗೆ ಬಂದವರು ನನ್ನ ಲ್ಯಾಪ್‌ಟಾಪ್ ಇಣುಕಿ ನೋಡುತ್ತಾರೆ. ಕಂದು ಬಣ್ಣದ ಕಾಗದ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಏನಿದು ಅನ್ನುತ್ತಾರೆ. ಅಮೆರಿಕದಲ್ಲಿ ಗುಲಾಮಗಿರಿ ತೊಲಗಬೇಕು ಎಂದು ಹೋರಾಡಿದವರು ಸುಮಾರು 180 ವರ್ಷದ ಹಿಂದೆ ಒಬ್ಬರಿಗೊಬ್ಬರು ಬರೆದ ಪತ್ರಗಳು ಅನ್ನುತ್ತೇನೆ. ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ. "ಲಿಂಕನ್ ಕತೆ ಸ್ಕೂಲಲ್ಲೇ ಓದಿದ್ದೀವಲ್ಲ, ದಪ್ಪ ದಪ್ಪ ಪುಸ್ತಕ ಬಂದಿವೆ. ಆ ಕಾಗದದಲ್ಲಿ ಇನ್ನೇನಿದೆ?"

ಸಾಮಾನ್ಯವಾಗಿ ನಕ್ಕು, ಚಹಾ ತರಲು ಒಳಗೆ ಹೋಗುತ್ತೇನೆ. ಇವತ್ತು ಉತ್ತರ ಬರೆದೇ ಬಿಡೋಣ ಎಂದು ಕೂತೆ.

ಮೊದಲು ಒಂದು ಪತ್ರ. ಫಿಲಡೆಲ್ಫಿಯಾದಲ್ಲಿ ಜೇಮ್ಸ್ ಫೋರ್ಟನ್ ಎಂಬವರಿದ್ದರು. ಕಪ್ಪು ಮನುಷ್ಯ, ಹುಟ್ಟಿನಿಂದಲೇ ಸ್ವತಂತ್ರ. ಹಡಗಿಗೆ ಹಾಯಿ ಹೊಲಿಯುವ ದೊಡ್ಡ ಕಾರ್ಖಾನೆ ಅವರದು, ಕೈಯಲ್ಲಿ ಒಳ್ಳೇ ಕಾಸಿತ್ತು. 1830ರ ಡಿಸೆಂಬರ್ 31ರಂದು ಬಾಸ್ಟನ್‌ನಲ್ಲಿದ್ದ 25 ವರ್ಷದ ವಿಲಿಯಂ ಲಾಯ್ಡ್ ಗ್ಯಾರಿಸನ್‌ಗೆ ಅವರೊಂದು ಪತ್ರ ಬರೆದರು. ಜೊತೆಗೆ 54 ಡಾಲರ್ ಇಟ್ಟರು. 27 ಜನರ ಚಂದಾ, ತಲೆಗೆ 2 ಡಾಲರ್. ಯಾವ ಪತ್ರಿಕೆಗೆ ಅಂದರೆ, ಗುಲಾಮಗಿರಿ ವಿರುದ್ಧ ಗ್ಯಾರಿಸನ್ ಶುರು ಮಾಡಲಿದ್ದ, ಇನ್ನೂ ಒಂದು ಸಂಚಿಕೆಯೂ ಹೊರಬರದ 'ಲಿಬರೇಟರ್'ಗೆ! ಮೊದಲ ಸಂಚಿಕೆ ಬಂದಿದ್ದು ಮಾರನೇ ದಿನ, 1831ರ ಜನವರಿ 1ಕ್ಕೆ.

ಗ್ಯಾರಿಸನ್ ಧೈರ್ಯದಿಂದ ಪತ್ರಿಕೆ ಶುರು ಮಾಡಿದ, ವಾರ ವಾರ ನಡೆಸಿದ, 35 ವರ್ಷದಲ್ಲಿ 1,820 ಸಂಚಿಕೆ ತಂದ ಎಂದು ಪುಸ್ತಕದಲ್ಲಿ ಓದುತ್ತೇವೆ. ಸುಳ್ಳಲ್ಲ. ಆದರೆ ಧೈರ್ಯದಿಂದ ಅಚ್ಚುಕೂಟದ ಬಿಲ್ ತೀರುವುದಿಲ್ಲ. ಮೊದಲ ವರ್ಷಗಳಲ್ಲಿ ಆ ಬಿಲ್ ತೀರಿಸಿದ ಚಂದಾದಾರರಲ್ಲಿ ಹೆಚ್ಚಿನವರು ಕಪ್ಪು ಜನರು. ಚಿಕ್ಕ ಊರಲ್ಲಿ ಪತ್ರಿಕೆ ನಡೆಸಿದ ಯಾರನ್ನಾದರೂ ಕೇಳಿ, ಮುಂಗಡ ಚಂದಾ ಅಂದರೆ ಏನು ಎಂದು ಹೇಳುತ್ತಾರೆ.

ಆ ಪತ್ರ ಈಗ ಬಾಸ್ಟನ್ ಪಬ್ಲಿಕ್ ಲೈಬ್ರರಿಯಲ್ಲಿದೆ. ಗ್ಯಾರಿಸನ್ ಮನೆಯವರೂ ಗೆಳೆಯರೂ ಕೊಟ್ಟ ಪತ್ರ, ಕರಪತ್ರ, ಪುಸ್ತಕ, ಪತ್ರಿಕೆ ಎಲ್ಲ ಸೇರಿ ಅಲ್ಲಿನ ಸಂಗ್ರಹ ಸುಮಾರು 40,000. ಅದರಲ್ಲಿ ಕೈಬರಹದ 12,000 ಪತ್ರಗಳನ್ನು ಸ್ಕ್ಯಾನ್ ಮಾಡಿ, 2018ರ ಜನವರಿಯಲ್ಲಿ ಇಂಟರ್ನೆಟ್‌ಗೆ ಹಾಕಿ, "ಬನ್ನಿ, ಯಾರು ಬೇಕಾದರೂ ಓದಿ ಟೈಪ್ ಮಾಡಿ" ಎಂದರು. ನಾನೂ ಹಾಗೇ ಸೇರಿಕೊಂಡವನು. ರಾತ್ರಿ ಊಟ ಆದ ಮೇಲೆ ನಾಲ್ಕು ಸಾಲು, ಭಾನುವಾರ ಒಂದು ಪುಟ. ಒಂದೇ ಸಾಲನ್ನು ಹಲವರು ಟೈಪ್ ಮಾಡುತ್ತಿದ್ದರು, ಎಲ್ಲರದೂ ತಾಳೆ ಬಿದ್ದರೆ ಸರಿ ಎಂದು ಲೆಕ್ಕ. ನನ್ನದು ಶುರುವಿನಲ್ಲಿ ತಾಳೆ ಬೀಳುತ್ತಲೇ ಇರಲಿಲ್ಲ. ಆ ಕಾಲದವರು ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದನ್ನು ಉದ್ದಕ್ಕೆ ಎಳೆಯುತ್ತಿದ್ದರು, ನೋಡಿದರೆ ಪಿ ಥರ ಕಾಣುತ್ತದೆ. ನಾನು ಒಂದು ವಾರ 'ಕಾಂಗ್ರೆಸ್' ಅನ್ನುವುದನ್ನೆಲ್ಲ 'ಕಾಂಗ್ರೆಪ್' ಎಂದು ಟೈಪ್ ಮಾಡಿ ಕೂತಿದ್ದೆ.

ಆಮೇಲೆ ಅಂಚೆ ಲೆಕ್ಕ. ಇದು ನನಗೆ ಎಲ್ಲಕ್ಕಿಂತ ಇಷ್ಟ, ಸ್ವಲ್ಪ ಜಾಸ್ತಿ ಹೇಳಿದರೆ ಸಹಿಸಿಕೊಳ್ಳಿ. ಪತ್ರದ ಹೊರಮೈಯ ಮೂಲೆಯಲ್ಲಿ ಸುಮ್ನೆ ಒಂದು ಅಂಕಿ ಇರುತ್ತದೆ. 10, 12½, 18¾, 25. ಮೊದಮೊದಲು ಇದೇನೋ ಗುಟ್ಟಿನ ನಂಬರ್ ಅಂದುಕೊಂಡಿದ್ದೆ. ಅದು ಅಂಚೆ ಶುಲ್ಕ. 1845ಕ್ಕೆ ಮುಂಚೆ ದೂರ ನೋಡಿ, ಎಷ್ಟು ಹಾಳೆ ಎಂದು ಎಣಿಸಿ ದುಡ್ಡು ಹಾಕುತ್ತಿದ್ದರು. 150 ಮೈಲಿ ದಾಟಿದರೆ ಒಂದು ಹಾಳೆಗೆ 18¾ ಸೆಂಟು, 400 ದಾಟಿದರೆ 25. ಎರಡು ಹಾಳೆ ಇದ್ದರೆ ಎರಡು ಪಟ್ಟು. ಈ ಅರ್ಧ, ಮುಕ್ಕಾಲು ಸೆಂಟಿನ ಲೆಕ್ಕ ಎಲ್ಲಿಂದ ಬಂತು ಅಂದರೆ, ಅಲ್ಲಿ ಆಗ ಸ್ಪೇನ್‌ನ ಬೆಳ್ಳಿ ನಾಣ್ಯವೂ ಚಲಾವಣೆಯಲ್ಲಿತ್ತು. ಒಂದು ರಿಯಾಲ್ ಅಂದರೆ 12½ ಸೆಂಟು, ಒಂದೂವರೆ ಅಂದರೆ 18¾. ಆಣೆ, ಪಾವಲಿ ಕಂಡ ನಮ್ಮ ಹಿರಿಯರಿಗೆ ಈ ಲೆಕ್ಕ ತಟ್ಟನೆ ಹೊಳೆಯುತ್ತಿತ್ತು. ದುಡ್ಡು ಕೊಡುತ್ತಿದ್ದವರು ಸಾಮಾನ್ಯವಾಗಿ ಪತ್ರ ಬಿಡಿಸಿಕೊಳ್ಳುವವರು. ಎಲ್ಲ ನಮ್ಮ ಬೇರಿಂಗ್ ಕಾಗದದ ಥರ.

ಲಕೋಟೆ ಹಾಕಿದರೆ ಅದೂ ಒಂದು ಹಾಳೆಯೇ. ಹಾಗಾಗಿ ಲಕೋಟೆ ಇಲ್ಲ. ದೊಡ್ಡ ಹಾಳೆಯನ್ನು ಮಡಿಸಿ, ಹೊರಭಾಗದಲ್ಲಿ ವಿಳಾಸ ಬರೆದು, ಅರಗಿನ ಮುದ್ರೆ. ಇನ್‌ಲ್ಯಾಂಡ್ ಲೆಟರ್ ಬರೆದವರಿಗೆ ಮುಂದಿನದು ಗೊತ್ತೇ ಇದೆ. ಜಾಗ ಮುಗಿದರೆ ಅಂಚು, ಅಂಚು ಮುಗಿದರೆ ಮಡಿಕೆಯ ಕಿವಿ. ಇವರು ಇನ್ನೂ ಒಂದು ಹೆಜ್ಜೆ ಮುಂದೆ. ಪುಟ ತುಂಬಿದ ಮೇಲೆ ಕಾಗದವನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನೋಡಿದರೆ ಚಾಪೆ ಹೆಣೆದ ಹಾಗೆ. ಒಂದು ಸಾಲು ಓದಲು ಕಣ್ಣು ಅಡ್ಡಗೆರೆಗಳನ್ನು ಮರೆಯಬೇಕು, ಹತ್ತು ನಿಮಿಷ ದಿಟ್ಟಿಸಿದರೆ ಪಾಪ, ಅದೂ ಅಭ್ಯಾಸ ಆಗುತ್ತದೆ.

ಅಷ್ಟು ಕಷ್ಟಪಟ್ಟು ತುರುಕಿದ ಸಾಲುಗಳಲ್ಲಿ ಏನಿರುತ್ತದೆ? ಬಾಸ್ಟನ್‌ನ ಮರಿಯಾ ವೆಸ್ಟನ್ ಚಾಪ್‌ಮನ್ ಮತ್ತು ಅವರ ತಂಗಿಯರ ಪತ್ರಗಳನ್ನೇ ನೋಡಿ. ಗುಲಾಮಗಿರಿ ವಿರೋಧಿ ಮಹಿಳಾ ಸಂಘದ ಬೆನ್ನೆಲುಬು ಇವರು. ವರ್ಷಕ್ಕೊಂದು ಮಾರಾಟದ ಜಾತ್ರೆ ನಡೆಸಿ ಚಳವಳಿಗೆ ಹಣ ಎತ್ತುತ್ತಿದ್ದರು. ಕಸೂತಿ, ಆಟಿಕೆ, ಲೇಖನಿ ಒರೆಸುವ ಬಟ್ಟೆ, ಸಮುದ್ರದ ಆಚೆಯಿಂದ ಬಂದ ಉಡುಗೊರೆ ಸಾಮಾನು. ಪತ್ರದಲ್ಲಿ ಅದರ ಓಡಾಟ, ಮನೆಯವರ ಕಾಯಿಲೆ, ಯಾರ ಮೇಲೆ ಯಾರಿಗೆ ಮುನಿಸು, ಎಲ್ಲ ಕಲಸಿಕೊಂಡಿದೆ. ಜಗಳವಂತೂ ಧಾರಾಳ. 1840ರಲ್ಲಿ ಸಮಿತಿಯೊಂದಕ್ಕೆ ಅಬಿ ಕೆಲ್ಲಿ ಎಂಬ ಹೆಂಗಸನ್ನು ಸೇರಿಸಿದ್ದೇ ನೆಪವಾಗಿ ಇಡೀ ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘ ಒಡೆಯಿತು. ಅದೇ ವರ್ಷ ಲಂಡನ್‌ನ ಸಮ್ಮೇಳನದಲ್ಲಿ ಹೆಂಗಸರಿಗೆ ಪ್ರತಿನಿಧಿಯ ಜಾಗ ಕೊಡಲಿಲ್ಲ ಎಂದು ಗ್ಯಾರಿಸನ್ ಕೂಡ ಮೇಲೆ ಗ್ಯಾಲರಿಗೆ ಹೋಗಿ ಕೂತ. ಒಂದಾಗಿ ನಡೆದ ಚಳವಳಿ ಎಂಬುದು ನಾವು ಆಮೇಲೆ ಕಟ್ಟಿದ ಚಿತ್ರ. ಕಾಗದದಲ್ಲಿ ಅದು ಕಾಣುವುದಿಲ್ಲ.

ಅಂಚೆಯೇ ಹೋರಾಟದ ಕಣವೂ ಆಗಿತ್ತು. 1835ರಲ್ಲಿ ನ್ಯೂಯಾರ್ಕಿನಿಂದ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಗೆ ಕಟ್ಟುಗಟ್ಟಲೆ ಕರಪತ್ರ ಕಳಿಸಿದರು. ಜುಲೈನಲ್ಲಿ ಚಾರ್ಲ್‌ಸ್ಟನ್‌ನ ಜನ ಅಂಚೆ ಕಚೇರಿಗೆ ನುಗ್ಗಿ ಅವನ್ನೆಲ್ಲ ಎತ್ತಿಕೊಂಡು ಹೋಗಿ ಸುಟ್ಟರು. ಸರಕಾರ ಕಣ್ಣು ಮುಚ್ಚಿಕೊಂಡಿತು. ಅಕ್ಟೋಬರ್ 21ಕ್ಕೆ ಬಾಸ್ಟನ್‌ನಲ್ಲೇ ಗಲಾಟೆ. ಗುಂಪು ಹುಡುಕಿಕೊಂಡು ಬಂದದ್ದು ಜಾರ್ಜ್ ಥಾಂಪ್ಸನ್ ಎಂಬ ಇಂಗ್ಲಿಷ್ ಭಾಷಣಕಾರನನ್ನು. ಅವನು ಸಿಗಲಿಲ್ಲ, ಗ್ಯಾರಿಸನ್ ಸಿಕ್ಕಿದ. ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದರು. ಜೀವ ಉಳಿಸಲು ಅವನನ್ನು ಆ ರಾತ್ರಿ ಜೈಲಿನಲ್ಲಿ ಇಡಬೇಕಾಯಿತು.

ಈ ಥಾಂಪ್ಸನ್ ಪತ್ರಗಳೂ ಬಾಸ್ಟನ್ ಸಂಗ್ರಹದಲ್ಲಿ ಬೇಕಾದಷ್ಟಿವೆ. ಊರಿಗೆ ವಾಪಸಾದ ಮೇಲೆ ಅವನು ಹಿಡಿದ ವಿಷಯ ಇಂಡಿಯಾ. 1839ರಲ್ಲಿ ಬ್ರಿಟಿಷ್ ಇಂಡಿಯಾ ಸೊಸೈಟಿ ಕಟ್ಟುವುದರಲ್ಲಿ ಅವನದೂ ಕೈಯಿತ್ತು. ವಾದ ಸರಳ. ಇಂಡಿಯಾದ ರೈತ ಒಳ್ಳೆಯ ಹತ್ತಿ ಬೆಳೆದು ಅಗ್ಗಕ್ಕೆ ಕೊಟ್ಟರೆ, ಗುಲಾಮರ ಕೈಯಲ್ಲಿ ಬೆಳೆಸಿದ ಅಮೆರಿಕದ ಹತ್ತಿಯನ್ನು ಇಂಗ್ಲೆಂಡ್ ಕೊಳ್ಳಬೇಕಾಗಿಯೇ ಇಲ್ಲ. ಅದೇ ಹೊತ್ತಿಗೆ ಕಂಪನಿ ಸರಕಾರ ತನ್ನ ಲಾಭದ ಲೆಕ್ಕದಲ್ಲಿ ಅಮೆರಿಕದ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸುತ್ತಿತ್ತು. ಆ ತಳಿಗೆ ಪೇಟೆಯಲ್ಲಿ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ, ಕುಮಟಾ ಬಂದರಿಗೆ ಸಾಲು ಸಾಲು ಗಾಡಿ. ಥಾಂಪ್ಸನ್ ಅಂದುಕೊಂಡ ಹಾಗೆ ಏನೂ ನಡೆಯಲಿಲ್ಲ. ಯುದ್ಧ ಮುಗಿಯಿತು, ಬೆಲೆ ಬಿತ್ತು.

ಇಷ್ಟು ಹೇಳಿದ ಮೇಲೆ ಜಾಣರು ಇನ್ನೊಂದು ಪ್ರಶ್ನೆ ಹಾಕುತ್ತಾರೆ. "ಈ ಕಾಗದಗಳಲ್ಲಿ ಜಾಸ್ತಿ ಬಿಳಿಯರದೇ ಅಲ್ವಾ? ಗುಲಾಮರಾಗಿದ್ದವರ ಮಾತೆಲ್ಲಿ?" ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಹ್ಯಾರಿಯಟ್ ಜೇಕಬ್ಸ್.

ನಾರ್ತ್ ಕ್ಯಾರೊಲಿನಾದ ಈಡನ್ಟನ್ ಎಂಬ ಊರಲ್ಲಿ ಗುಲಾಮಳಾಗಿ ಹುಟ್ಟಿದ ಹೆಂಗಸು. ಯಜಮಾನನ ಕಾಟ ತಾಳಲಾರದೆ 1835ರಲ್ಲಿ ತಲೆ ಮರೆಸಿಕೊಂಡಳು. ಹಿಡಿದು ಕೊಟ್ಟವರಿಗೆ 100 ಡಾಲರ್ ಎಂದು ಅವನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಆಕೆ ಎಲ್ಲೂ ದೂರ ಹೋಗಿರಲಿಲ್ಲ. ಅಜ್ಜಿಯ ಮನೆಯಲ್ಲಿ ಸಾಮಾನು ಕೋಣೆಯ ಮಾಡಿನ ಸಂದಿಯಲ್ಲಿ ಇದ್ದಳು. ಉದ್ದ 9 ಅಡಿ, ಅಗಲ 7 ಅಡಿ. ಎತ್ತರ, ಎಲ್ಲಕ್ಕಿಂತ ಎತ್ತರದ ಕಡೆ 3 ಅಡಿ. ಕೂರಲೂ ಬಗ್ಗಬೇಕು. ಹಲಗೆಯಲ್ಲಿ ಒಂದು ತೂತು ಕೊರೆದುಕೊಂಡು ಕೆಳಗೆ ತನ್ನ ಮಕ್ಕಳು ಆಡುವುದನ್ನು ನೋಡುತ್ತಿದ್ದಳು. ಹೀಗೆ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. 1842ರಲ್ಲಿ ಹಡಗು ಹತ್ತಿ ಉತ್ತರಕ್ಕೆ ಪಾರಾದಳು.

1861ರಲ್ಲಿ ಆಕೆಯ ಆತ್ಮಕತೆ ಬಂತು, ಲಿಂಡಾ ಬ್ರೆಂಟ್ ಎಂಬ ಸುಳ್ಳು ಹೆಸರಿನಲ್ಲಿ. ಮುಖಪುಟದ ಮೇಲೆ ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಎಂದಿತ್ತು. ಚೈಲ್ಡ್ ಹೆಸರಾಂತ ಬಿಳಿ ಲೇಖಕಿ. ಸರಿ, ಪಂಡಿತರು ತೀರ್ಮಾನ ಮಾಡಿಬಿಟ್ಟರು. ಇದು ಚೈಲ್ಡ್ ಬರೆದ ಕಾದಂಬರಿ. ಗುಲಾಮಳಾಗಿದ್ದವಳು ಇಷ್ಟು ಚೆನ್ನಾಗಿ ಬರೆದಾಳೇ? ಏಳು ವರ್ಷ ಸಂದಿಯಲ್ಲಿ ಯಾರಾದರೂ ಬದುಕುತ್ತಾರೆಯೇ? ನೂರು ವರ್ಷಕ್ಕೂ ಮಿಕ್ಕಿ ಈ ಮಾತೇ ನಡೆಯಿತು. ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಕೂಡ ಮೊದಲು ಹಾಗೇ ನಂಬಿದ್ದರು.

ಆಮೇಲೆ ಅವರ ಕೈಗೆ ಪತ್ರಗಳು ಸಿಕ್ಕಿದವು. ರಾಚೆಸ್ಟರ್‌ನ ಏಮಿ ಪೋಸ್ಟ್ ಎಂಬ ಚಳವಳಿಗಾರ್ತಿಗೆ ಜೇಕಬ್ಸ್ ತನ್ನ ಕೈಯಾರೆ ಬರೆದವು. ಪೋಸ್ಟ್ ಕುಟುಂಬದ ಕಾಗದಗಳ ಜೊತೆ ಅವು ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ತಣ್ಣಗೆ ಕೂತಿದ್ದವು. ಪೂರ್ಣವಿರಾಮ ಇಲ್ಲ, ಕಾಗುಣಿತ ಅಲ್ಲಲ್ಲಿ ತಪ್ಪು, ಒಂದು ಮಾತಿನ ಬಾಲ ಹಿಡಿದು ಇನ್ನೊಂದು ಮಾತು. ನಮ್ಮ ಮನೆಯ ಹಿರಿಯ ಹೆಂಗಸರು ಬರೆಯುತ್ತಿದ್ದ ಕಾಗದದ ಹಾಗೆಯೇ. ಆದರೆ ಹೇಳುವುದು ಸ್ಪಷ್ಟ. ಹಗಲೆಲ್ಲ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ರಾತ್ರಿ ಕದ್ದು ಬರವಣಿಗೆ. ತನ್ನ ಬದುಕಿನ ನಾಚಿಕೆಯ ಸಂಗತಿಗಳನ್ನು ಹೇಳಬೇಕೋ ಬೇಡವೋ ಎಂಬ ಹಿಂಜರಿಕೆ. ಹ್ಯಾರಿಯಟ್ ಬೀಚರ್ ಸ್ಟೋ ಅವರ ಸಹಾಯ ಕೇಳಿದ್ದೂ ಇಲ್ಲಿದೆ. ಗುಲಾಮಗಿರಿ ವಿರುದ್ಧದ ಕಾದಂಬರಿ ಬರೆದು ಆಗ ದೊಡ್ಡ ಹೆಸರು ಮಾಡಿದ್ದ ಲೇಖಕಿ ಅವರು. ಸಹಾಯ ಇರಲಿ, ಗುಟ್ಟಾಗಿ ತಿಳಿಸಿದ್ದ ವಿಷಯವನ್ನು ಜೇಕಬ್ಸ್ ಕೆಲಸಕ್ಕಿದ್ದ ಮನೆಯೊಡತಿಗೇ ಬರೆದು, ಇದು ನಿಜವೇ ಎಂದು ಕೇಳಿಬಿಟ್ಟರು. ಅದಾದ ಮೇಲೆ ಜೇಕಬ್ಸ್ ಯಾರ ಹಂಗೂ ಬೇಡ, ನಾನೇ ಬರೆಯುತ್ತೇನೆ ಎಂದು ಕೂತಳು.

ಇನ್ನು ಚೈಲ್ಡ್ ಅಂತೂ ತನ್ನದೇ ಪತ್ರವೊಂದರಲ್ಲಿ, ಇಡೀ ಪುಸ್ತಕದಲ್ಲಿ ತಾನು 50 ಪದ ಕೂಡ ಬದಲಿಸಿರಲಿಕ್ಕಿಲ್ಲ ಎಂದು ಬರೆದಿದ್ದರು. ಅದನ್ನೂ ಯಾರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. 1981ರಲ್ಲಿ ಯೆಲಿನ್ ಲೇಖನ ಬರೆದರು, 1987ರಲ್ಲಿ ಆತ್ಮಕತೆಯನ್ನು ಹೊಸದಾಗಿ ಸಂಪಾದಿಸಿ ತಂದರು. ಅಲ್ಲಿಗೆ ಪುಸ್ತಕ ಬರೆದವಳ ಹೆಸರಿಗೆ ವಾಪಸ್ ಬಂತು. ದಪ್ಪ ದಪ್ಪ ಪುಸ್ತಕ ಇದ್ದವಲ್ಲ, ಅವುಗಳಲ್ಲೇ ಈ ತಪ್ಪು ಕೂತಿದ್ದದ್ದು. ನನ್ನ ಉತ್ತರ ಇದೇ, ಚಹಾ ತರಲು ಎದ್ದು ಹೋಗುವಾಗ ಹೇಳಲಾಗದೆ ಉಳಿಯುವ ಉತ್ತರ.

ಇದಕ್ಕೆ ಜೋಡಿಯಾಗಿ ವಿಲಿಯಂ ಸ್ಟಿಲ್ ಅವರ ದಾಖಲೆ ಪುಸ್ತಕ. ಗುಲಾಮಗಿರಿಯಿಂದ ಫಿಲಡೆಲ್ಫಿಯಾಕ್ಕೆ ತಪ್ಪಿಸಿಕೊಂಡು ಬಂದವರನ್ನೆಲ್ಲ ಕೂರಿಸಿ ಹೆಸರು, ಊರು, ಬಂಧುಬಳಗ ಕೇಳಿ ಬರೆದಿಟ್ಟ ಕಪ್ಪು ಮನುಷ್ಯ. 1850ರಲ್ಲಿ ಹೀಗೆ ಒಬ್ಬನ ಕತೆ ಕೇಳುತ್ತಾ ಕೇಳುತ್ತಾ, ಎದುರಿಗೆ ಕೂತವನು ತಾನು ಎಂದೂ ಕಾಣದ ಸ್ವಂತ ಅಣ್ಣ ಎಂದು ಗೊತ್ತಾಯಿತು. ಆ ದಾಖಲೆ ಸಿಕ್ಕಿಬಿದ್ದರೆ ಎಷ್ಟೋ ಜನರ ಕುತ್ತಿಗೆಗೆ ಬರುತ್ತಿತ್ತು. ಹಾಗಾಗಿ ಅದನ್ನು ಒಂದು ಸ್ಮಶಾನದ ಕಟ್ಟಡದಲ್ಲಿ ಬಚ್ಚಿಟ್ಟಿದ್ದರು. 1872ರಲ್ಲಿ ಪುಸ್ತಕ ಮಾಡಿದರು.

ಅದೇ 1872ರ ಜೂನ್‌ನಲ್ಲಿ ರಾಚೆಸ್ಟರ್‌ನಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಚಳವಳಿಯ ದೊಡ್ಡ ಭಾಷಣಕಾರರಾದ ಫ್ರೆಡರಿಕ್ ಡಗ್ಲಸ್ ಅವರ ಮನೆಗೆ ಬೆಂಕಿ ಬಿತ್ತು. ಅವರು ವರ್ಷಗಟ್ಟಲೆ ನಡೆಸಿದ್ದ ಪತ್ರಿಕೆಗಳ ಬೈಂಡ್ ಮಾಡಿಸಿದ ಸಂಪುಟಗಳು ಸುಟ್ಟುಹೋದವು. ಕೆಲವೇ ತಿಂಗಳ ಹಿಂದೆ ಹಾರ್ವರ್ಡ್ ಲೈಬ್ರರಿಯವರು ಅವನ್ನು ಕೇಳಿದ್ದರು. ಬೆಂಕಿ ತಾಗದ ಕಟ್ಟಡ ಅದು. ಕಳಿಸಿದರಾಯ್ತು ಎಂದು ಡಗ್ಲಸ್ ತಡ ಮಾಡಿದ್ದರು. ಆಮೇಲೆ ಅದನ್ನು ತಾವೇ ಬರೆದು ಹಳಹಳಿಸಿದರು.

ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಮುತ್ತಜ್ಜ ಗದಗಿನ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಕೆಂಪು ಬಟ್ಟೆ ಸುತ್ತಿದ ಕಿರ್ದಿ ಪುಸ್ತಕಗಳು ಅಟ್ಟದ ಮೇಲೆ ಇದ್ದವು. ಮೋಡಿ ಲಿಪಿ, ಮನೆಯಲ್ಲಿ ಯಾರಿಗೂ ಓದಲು ಬರದು. ಮನೆ ರಿಪೇರಿ ಸಮಯದಲ್ಲಿ ನಾವೇ ಅವನ್ನು ರದ್ದಿಗೆ ಹಾಕಿದೆವು, ತೂಕದ ಲೆಕ್ಕದಲ್ಲಿ. ಒಂದು ಮಾತ್ರ ಉಳಿದಿದೆ, ಅತ್ತೆಯ ಟ್ರಂಕಿನ ತಳದಲ್ಲಿ. ದಸರೆಗೆ ಊರಿಗೆ ಹೋದಾಗ ಪುಟ ಪುಟ ಫೋಟೋ ತೆಗೆಯುತ್ತೇನೆ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದೇನೆ.