ರಾಣಿಪುರದ ಚೌಕಿಯಲ್ಲಿ ಎರಡು ರಾತ್ರಿ

ನಮಗೆ ಸಿಕ್ಕಿದ್ದು ‘ಬಣ್ಣದ ವೇಷ’ದ, ಅಂದರೆ ಯಕ್ಷಗಾನದ ರಾಕ್ಷಸ ವೇಷದ ಕೋಣೆ. ಬಾಗಿಲ ಮೇಲೆ ಆ ಹೆಸರು ಕನ್ನಡದಲ್ಲಿ, ಅದರ ಕೆಳಗೆ ಮಲಯಾಳದಲ್ಲಿ. ಒಳಗೆ ಎದುರಿನ ಗೋಡೆ ತುಂಬ ರಾವಣನ ಮುಖ, ಕಣ್ಣಿನ ಸುತ್ತ ಕಪ್ಪು, ಕೆನ್ನೆಯ ಉದ್ದಕ್ಕೂ ಚಿಟ್ಟಿ ಎನ್ನುವ ಬಿಳಿ ಮುಳ್ಳುಗಳ ಸಾಲು. ಮಂಚದ ಸುತ್ತ ಸೊಳ್ಳೆಪರದೆ ಇರಬೇಕಾದಲ್ಲಿ ಕೆಂಪು ತೆರೆ. ಗೋಡೆಯ ದೀಪಗಳಿಗೆ ದೀವಟಿಗೆಯ ಆಕಾರ. ಹತ್ತು ವರ್ಷದ ಮಗಳು ಹೊಸ್ತಿಲಲ್ಲೇ ನಿಂತು, “ಅಮ್ಮಾ, ನಾನು ಇಲ್ಲಿ ಮಲಗುವುದಿಲ್ಲ” ಎಂದಳು. ಮಾವ ಅವಳ ಪಕ್ಕದಿಂದ ಒಳಗೆ ಹೋಗಿ, ಕನ್ನಡಕ ಏರಿಸಿಕೊಂಡು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು. “ಚಿಟ್ಟಿ ಸರಿಯಾಗಿಯೇ ಬರೆದಿದ್ದಾನೆ” ಎಂದರು. ಅವರ ಬಾಯಿಂದ ಅಷ್ಟು ಬಂದರೆ ಅದು ದೊಡ್ಡ ಮೆಚ್ಚುಗೆ.

ಮಾವ ಮೂವತ್ತೆರಡು ವರ್ಷ ಮೇಳಗಳಲ್ಲಿ ಮದ್ದಳೆ ಬಾರಿಸಿದವರು. ಬೆರಳು ನಡುಗಲು ಶುರುವಾದ ಮೇಲೆ ಮನೆಯಲ್ಲಿದ್ದಾರೆ. ನಾನು ಮುಳ್ಳೇರಿಯದ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಟೀಚರು. ರಾಣಿಪುರದ ಬೆಟ್ಟದಲ್ಲಿ ಯಾರೋ ಒಬ್ಬರು ಲಾಡ್ಜನ್ನು ಪೂರ್ತಿ ಯಕ್ಷಗಾನದ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ ಹಾಗೆ ಕಟ್ಟಿದ್ದಾರಂತೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಮಾವನೇ. ಅವರು ಮಾತ್ರ ಹೇಳಿದ ಕೂಡಲೇ ಮುಖ ಗಂಟಿಕ್ಕಿದರು. “ಆಟವನ್ನು ತಂದು ಮಲಗುವ ಕೋಣೆಯಲ್ಲಿ ಇಡುವುದೆಂದರೆ ಎಂತ?” ಎಂದು ಕೇಳಿದರು. ಆದರೂ ಶುಕ್ರವಾರ ಮಧ್ಯಾಹ್ನ ನಾನು ಶಾಲೆಯಿಂದ ಬರುವಷ್ಟರಲ್ಲಿ ಬಿಳಿ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದರು.

ಅಕ್ಟೋಬರ್ ತಿಂಗಳ ಮೊದಲ ವಾರ. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಮುಳ್ಳೇರಿಯದಿಂದ ಪಡುಪ್ಪು, ಬಂದಡ್ಕ, ಕೋಳಿಚ್ಚಾಲ್ ಹೀಗೆ ಹೊಸ ಮಲೆನಾಡು ಹೆದ್ದಾರಿಯಲ್ಲಿ ಹೋದೆವು. ಈ ಹೆದ್ದಾರಿ ನಮ್ಮ ಕಾಸರಗೋಡು ಜಿಲ್ಲೆಯ ನಂದಾರಪದವಿನಲ್ಲಿ ಹುಟ್ಟಿ ಕೇರಳದ ದಕ್ಷಿಣ ತುದಿಯ ಪಾರಶ್ಶಾಲೆಯವರೆಗೆ ಹೋಗುತ್ತದೆ. ದಾರಿಯಲ್ಲಿ ಪಯಸ್ವಿನಿ ಸಿಗುತ್ತದೆ, ಕೆಂಪಾಗಿ ತುಂಬಿ ಹರಿಯುತ್ತಿತ್ತು. ಹೊಳೆ ದಾಟಿದಂತೆ ಅಂಗಡಿಯ ಬೋರ್ಡುಗಳಲ್ಲಿ ಕನ್ನಡ ತೆಳುವಾಗುತ್ತಾ ಬರುತ್ತದೆ. ಬಂದಡ್ಕದಲ್ಲಿ ಚಹಾ ಕುಡಿಯಲು ಇಳಿದಾಗ ಅಂಗಡಿಯವ ನಮ್ಮ ಮಾತು ಕೇಳಿ ಕನ್ನಡದಲ್ಲೇ “ಸಕ್ಕರೆ ಹಾಕಬೇಕಾ ಅಜ್ಜ?” ಎಂದು ಕೇಳಿದ. ಕೋಳಿಚ್ಚಾಲ್ ದಾಟಿದ ಮೇಲೆ ಬರಿಯ ಮಲಯಾಳ, ರಬ್ಬರ್ ತೋಟ, ಇಗರ್ಜಿಗಳು. ಈ ಭಾಗಕ್ಕೆ 1940ರ ದಶಕದಲ್ಲಿ ಕೋಟ್ಟಯಂ ಕಡೆಯಿಂದ ಕ್ರೈಸ್ತ ರೈತರು ವಲಸೆ ಬಂದರು. ಹತ್ತಿರದ ರಾಜಪುರಂ ಬೆಳೆದದ್ದು ಹಾಗೆಯೇ. ರಾಣಿಪುರಕ್ಕೆ ಮೊದಲಿದ್ದ ಹೆಸರು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯ ಈ ಜಾಗ ಕೊಂಡ ಮೇಲೆ ಮೇರಿ ಮಾತೆಯನ್ನು ನೆನೆದು ಈಗಿನ ಹೆಸರು ಇಟ್ಟರು.

ಪನತ್ತಡಿಯಿಂದ ಮೇಲೆ ತಿರುವುಗಳ ದಾರಿ. ಮಾವ ಕಿಟಕಿ ಇಳಿಸಿ ಹೊರಗೆ ನೋಡುತ್ತಾ, “ನಾನು ಹುಟ್ಟಿದಾಗ ಈ ಗುಡ್ಡವೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ” ಎಂದರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದಕ್ಕೆ ಮೊದಲಿನ ಮಾತು ಅದು. ನಮ್ಮ ಕಡೆ ವಯಸ್ಸಾದವರು ಆ ದಿನಾಂಕವನ್ನು ಹುಟ್ಟಿದ ದಿನದ ಹಾಗೆ ನೆನಪಿಟ್ಟುಕೊಂಡಿದ್ದಾರೆ.

ಲಾಡ್ಜಿನ ಹೆಸರು ಬರೆಯಬೇಡಿ, ಐದೇ ಕೋಣೆ ಇರುವುದು, ಇದ್ದವರನ್ನು ಸರಿಯಾಗಿ ನೋಡಿಕೊಂಡರೆ ಸಾಕು ಎಂದರು ಯಜಮಾನರು. ಅವರ ಮೂಲ ಕುಂಬಳೆ. ಅಜ್ಜ ವೇಷಧಾರಿ. ಕುಂಬಳೆಯೆಂದರೆ ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು, ಹಾಗಾಗಿ ಅಲ್ಲಿಯವರಿಗೆ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಗ್ಗೆ ತವರುಮನೆಯ ಮಮತೆ. ಯಜಮಾನರು ಹದಿನೆಂಟು ವರ್ಷ ಗಲ್ಫಿನಲ್ಲಿ ದುಡಿದು, ಬಂದ ದುಡ್ಡಿನಲ್ಲಿ ಇಲ್ಲಿ ಒಂದು ಹಳೆಯ ರಬ್ಬರ್ ತೋಟ ಕೊಂಡು, ಮುರಕಲ್ಲಿನ ಗೋಡೆ ಎಬ್ಬಿಸಿ ಹಂಚು ಹೊದಿಸಿದ್ದಾರೆ. ಒಳಗೆ ಹೋದ ಕೂಡಲೇ ಸಿಗುವ ಕೋಣೆಗೆ ‘ಚೌಕಿ’ ಎಂದು ಹೆಸರು. ಮೇಳದ ಚೌಕಿಯಲ್ಲಿ ಗಣಪತಿ ಇರುವ ಹಾಗೆ ಇಲ್ಲಿಯೂ ಒಂದು ಸಣ್ಣ ಗಣಪತಿ, ಪಕ್ಕದಲ್ಲಿ ವೇಷದ ಸಾಮಾನು ತುಂಬುವ ಮರದ ಪೆಟ್ಟಿಗೆ. ನಮ್ಮ ಹೆಸರು, ಊರು ಬರೆಸಿಕೊಂಡದ್ದು ಆ ಪೆಟ್ಟಿಗೆಯ ಮೇಲಿಟ್ಟ ಪುಸ್ತಕದಲ್ಲಿ. ಊಟದ ಜಾಗ ‘ರಂಗಸ್ಥಳ’. ಉಳಿದ ನಾಲ್ಕು ಕೋಣೆಗಳು ಕಿರೀಟವೇಷ, ಪುಂಡುವೇಷ, ಸ್ತ್ರೀವೇಷ, ಹಾಸ್ಯ. ಊಟಕ್ಕೆ ಕರೆಯುವುದು ಚೆಂಡೆಯಿಂದ. ಆಟಕ್ಕೆ ಮೊದಲು ಸುತ್ತಲಿನ ಊರಿಗೆ ಗೊತ್ತಾಗಲಿ ಎಂದು ಚೆಂಡೆಯಲ್ಲಿ ‘ಕೇಳಿ’ ಬಾರಿಸುವುದುಂಟಲ್ಲ, ಹಾಗೆ ರಾತ್ರಿ ಎಂಟಕ್ಕೆ ಯಜಮಾನರ ಮಗ ಅಂಗಳದ ತುದಿಯಲ್ಲಿ ನಿಂತು ಎರಡು ನಿಮಿಷ ಬಾರಿಸುತ್ತಾನೆ. ಮಂಜಿನೊಳಗೆ ಆ ಸದ್ದು ಎದುರಿನ ಗುಡ್ಡಕ್ಕೆ ಹೋಗಿ ಮರಳಿ ಬಂದಾಗ ನನಗೆ ಕೈಯ ರೋಮ ಎದ್ದು ನಿಂತಿತು.

ಇಂಥ ಜಾಗಗಳು ನನಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಬಾಗಿಲಿಗೊಂದು ಗೊಂಬೆ, ಗೋಡೆಗೊಂದು ಚಿತ್ರ ಹಾಕಿ ಬಾಡಿಗೆ ಹೆಚ್ಚಿಸಿದ ಕಡೆಯೂ ಉಳಿದದ್ದುಂಟು. ಇಲ್ಲಿ ಬೇರೆ ಅನಿಸಿದ್ದು ಮರುದಿನ ಬೆಳಿಗ್ಗೆ ನಡೆದ ಒಂದು ಘಟನೆಯಿಂದ. ಮಾವ ಐದೂವರೆಗೆ ಎದ್ದು ತೆರೆದಿದ್ದ ಖಾಲಿ ಕೋಣೆಗಳನ್ನು ಸುತ್ತಿ ಬಂದರು. ‘ಪುಂಡುವೇಷ’ದ ಕೋಣೆಯಲ್ಲಿ ಅಭಿಮನ್ಯುವಿನ ಒಂದು ದೊಡ್ಡ ಫೋಟೋ ಇತ್ತು. ಅದರ ಮುಂದೆ ನಿಂತು ಯಜಮಾನರನ್ನು ಕರೆದರು.

“ಇದು ಬಡಗಿನ ಮುಂಡಾಸು ಅಲ್ವಾ? ಕೇದಗೆ ಮುಂದಲೆ. ನಮ್ಮ ತೆಂಕಿನವರ ನಡುವೆ ಇದೊಂದು ಹೇಗೆ ಬಂತು?”

ಬಡಗೆಂದರೆ ಯಕ್ಷಗಾನದ ಉತ್ತರದ ಶೈಲಿ. ಯಜಮಾನರು ಒಂದು ಕ್ಷಣ ಮಾತಾಡಲಿಲ್ಲ. ಕುಂದಾಪುರದ ಗೆಳೆಯರೊಬ್ಬರು ಉಡುಗೊರೆ ಕೊಟ್ಟದ್ದು, ಚಂದ ಕಂಡಿತು, ಹಾಕಿದೆ ಎಂದರು. “ಚಂದವೇ, ಬಡಗೂ ನಮ್ಮದೇ. ಆದರೆ ಹೊರಗಿನಿಂದ ಬಂದವರು ಇದನ್ನು ನೋಡಿ ತೆಂಕು ಹೀಗೆ ಅಂತ ತಿಳಿದುಕೊಳ್ಳಬಾರದಲ್ಲ” ಎಂದರು ಮಾವ. ಯಜಮಾನರು ಆಗಲೇ ಏಣಿ ತರಿಸಿ ಫೋಟೋ ಇಳಿಸಿ, ಊಟದ ಕೋಣೆಗೆ ಒಯ್ದು, ‘ಬಡಗುತಿಟ್ಟು’ ಎಂದು ಬರೆದ ಚೀಟಿ ಅಂಟಿಸಿ ಬೇರೆಯಾಗಿ ನೇತುಹಾಕಿದರು. ಅದಾದ ಮೇಲೆ ಮಾವನನ್ನು ಅವರು ‘ಮದ್ದಳೆಗಾರರೇ’ ಎಂದೇ ಕರೆದರು.

ಬೆಟ್ಟ ಹತ್ತಿದ್ದು ನಾನು, ನನ್ನವರು, ಮಗಳು. ಅರಣ್ಯ ಇಲಾಖೆಯ ಟಿಕೆಟ್ ತೆಗೆದು, ಕಾಲಿಗೆ ಉಪ್ಪು, ಹೊಗೆಸೊಪ್ಪು ಉಜ್ಜಿಕೊಂಡು ಹೊರಟೆವು. ಮೊದಲು ದಟ್ಟ ಕಾಡು, ಉಂಬಳಗಳ ಕಾಟ. ಕಾಡು ಮುಗಿದು ಹುಲ್ಲಿನ ಬೆಟ್ಟ ತೆರೆದುಕೊಂಡಾಗ ಅಷ್ಟು ಹೊತ್ತಿನ ಸುಸ್ತು ಹೋಯಿತು. ಪೂರ್ವಕ್ಕೆ ಕೊಡಗಿನ ಬೆಟ್ಟಗಳು. ಈ ಕಾಡು ಆಚೆ ತಲಕಾವೇರಿ ಅಭಯಾರಣ್ಯಕ್ಕೆ ಸೇರಿಕೊಂಡಿದೆ, ಆನೆಗಳಿಗೆ ರಾಜ್ಯದ ಗಡಿ ಇಲ್ಲ. ದಾರಿಯಲ್ಲಿ ಹಸಿ ಲದ್ದಿ ಕಂಡು ಮಗಳ ಕೈ ಬಿಡದೆ ನಡೆದೆ. ತುದಿಯಲ್ಲಿ ಹತ್ತು ನಿಮಿಷ ಬಿಸಿಲು ಸಿಕ್ಕಿತು, ಆಮೇಲೆ ಮಂಜು ಮುಚ್ಚಿತು. ಇಳಿದು ಬಂದಾಗ ಅಡುಗೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಬೇಯಿಸಿದ ಮರಗೆಣಸು, ಜೀರಿಗೆ ಮೆಣಸಿನ ಚಟ್ನಿ ತಯಾರು ಮಾಡಿ ಇಟ್ಟಿದ್ದಳು. ಅವಳ ಅಜ್ಜ ಕೋಟ್ಟಯಂ ಕಡೆಯಿಂದ ಬಂದವರಲ್ಲಿ ಒಬ್ಬರು. ಅವಳಿಗೆ ಯಕ್ಷಗಾನದ ಭಾಷೆ ಬಾರದು, ಆದರೆ ಯಾವ ಕೋಣೆಗೆ ಯಾವ ಬಣ್ಣದ ಚಾದರವೆಂದು ಅವಳೇ ನೋಡಿಕೊಳ್ಳುತ್ತಾಳೆ.

ಒಂದು ಬೇಸರವನ್ನೂ ಹೇಳಬೇಕು. ಕೋಣೆಯಲ್ಲಿ ಥಂಡಿ ಬಹಳ. ಹಾಸಿಗೆ ಒದ್ದೆ ಒದ್ದೆ, ರಾತ್ರಿ ಎರಡು ಸಲ ಕರೆಂಟು ಹೋಗಿ ಬಿಸಿನೀರು ಸಿಗಲಿಲ್ಲ. ಮಾವನ ವಯಸ್ಸಿನವರನ್ನು ಕರೆದೊಯ್ಯುವವರು ಕಂಬಳಿ ಜೊತೆಗೇ ಒಯ್ಯಬೇಕು.

ಶನಿವಾರ ಸಂಜೆ ಐದಕ್ಕೆ ಮುಳ್ಳೇರಿಯ ಕಡೆಯ ಒಬ್ಬ ಬಣ್ಣದ ವೇಷಧಾರಿ ಬಂದರು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರೆ ಮತ್ತೆ ಹೊರಡುವುದು ದೀಪಾವಳಿಯ ಆಸುಪಾಸಿನಲ್ಲಿ. ನಡುವಿನ ತಿಂಗಳುಗಳಲ್ಲಿ ಕಲಾವಿದರ ಕೈಯಲ್ಲಿ ಕೆಲಸ ಕಡಿಮೆ. ಆಗ ಯಜಮಾನರು ಶನಿವಾರಗಳಲ್ಲಿ ಅವರನ್ನು ಕರೆಸಿ, ಚೌಕಿಯಲ್ಲಿ ಬಣ್ಣ ಹಾಕಿಕೊಳ್ಳುವುದನ್ನು ಉಳಿದುಕೊಂಡವರೆಲ್ಲ ನೋಡುವಂತೆ ಮಾಡಿದ್ದಾರೆ. ಆಟ ನೋಡುವವರಿಗೆ ಚೌಕಿ ಯಾವಾಗಲೂ ತೆರೆಯ ಹಿಂದಿನ ಲೋಕ. ಇಲ್ಲಿ ನೋಡಲು ಸಿಗುವುದೇ ಅದು.

ಅವರು ನೆಲದಲ್ಲಿ ಚಾಪೆ ಹಾಕಿ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದರು. ಮುಂದೆ ಗೆರಟೆಗಳಲ್ಲಿ ಬಿಳಿ, ಹಳದಿ, ಕೆಂಪು, ಕಾಡಿಗೆ, ಎಲ್ಲ ತೆಂಗಿನೆಣ್ಣೆಯಲ್ಲಿ ಕಲಸಿದ್ದು. ಮುಖಕ್ಕೆ ಮೊದಲ ಬಣ್ಣ ಬಳಿದು ಕಣ್ಣು, ಹಣೆಯ ಗೆರೆ ಎಳೆಯುವಷ್ಟರಲ್ಲಿ ಒಂದು ಗಂಟೆ. ಆಮೇಲೆ ಚಿಟ್ಟಿ. ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಅರೆದು ಸುಣ್ಣ ಸೇರಿಸಿದ ಹಿಟ್ಟು ಅದು. ತೆಂಗಿನ ಗರಿಯ ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ಕೆನ್ನೆಗೆ ತಾಗಿಸಿ ಮೆಲ್ಲಗೆ ಎಳೆದಾಗ ಅದು ಸಣ್ಣ ಮುಳ್ಳಾಗಿ ನಿಲ್ಲುತ್ತದೆ. ಅದರ ಪಕ್ಕ ಇನ್ನೊಂದು. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆಯೇ ಮತ್ತೊಂದು ಸಲ. ಒಂದೂ ಓರೆಯಾಗಬಾರದು, ಮಾತಾಡಿದರೆ ಕೆನ್ನೆ ಅಲುಗುತ್ತದೆ. ಹಾಗಾಗಿ ಅವರು ಹೇಳಬೇಕಾದದ್ದನ್ನೆಲ್ಲ ಮೊದಲೇ ಹೇಳಿದ್ದರು. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ಚಿಟ್ಟಿ ಉದುರುತ್ತದೆ. ಕಾಲಮಿತಿಯ ಆಟಗಳು ಬಂದ ಮೇಲೆ ಇಷ್ಟು ಹೊತ್ತು ಕೂತು ಚಿಟ್ಟಿ ಇಡಲು ಪುರುಸೊತ್ತು ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ ಎಂದು ಅವರು ಬರುತ್ತಾರಂತೆ.

ಪಯ್ಯನ್ನೂರಿನ ಒಂದು ಕುಟುಂಬವೂ ಉಳಿದುಕೊಂಡಿತ್ತು. ಅವರ ಅಜ್ಜಿ ನನ್ನ ಪಕ್ಕ ಕೂತಿದ್ದರು. ನಮ್ಮಲ್ಲಿ ತೆಯ್ಯದ ಮುಖ ಬರೆಯುವಾಗ ಕೋಲಧಾರಿ ಮಲಗುತ್ತಾನೆ, ಇನ್ನೊಬ್ಬ ಬರೆಯುತ್ತಾನೆ, ಕಡ್ಡಿ ಮಾತ್ರ ಇದೇ ಎಂದು ಮಲಯಾಳದಲ್ಲಿ ಪಿಸುಗುಟ್ಟಿದರು. ಕಥಕಳಿಯ ‘ಚುಟ್ಟಿ’ಯೂ ಅಕ್ಕಿ ಹಿಟ್ಟು, ಸುಣ್ಣದ್ದೇ ಎಂದು ಅವರ ಮಗ ಸೇರಿಸಿದ. ಅಜ್ಜಿ ನನ್ನ ಮಗಳ ಕೈ ಹಿಡಿದು ಚಿಟ್ಟಿ, ಚುಟ್ಟಿ ಎಂದು ಎರಡು ಸಲ ಹೇಳಿಸಿದರು. ಹಿಂದಿನ ದಿನ ಹೊಸ್ತಿಲಲ್ಲಿ ಹೆದರಿ ನಿಂತಿದ್ದ ಹುಡುಗಿ ಈಗ ಕಲಾವಿದರ ಮೊಣಕಾಲಿನ ಹತ್ತಿರ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಮೂರೂವರೆ ಗಂಟೆ ಅಲ್ಲಿಂದ ಏಳಲಿಲ್ಲ. ಪಾತ್ರೆಯ ಅಂಚಿನಲ್ಲಿ ಉಳಿದ ಹಿಟ್ಟಿನಿಂದ ಅವಳ ಕಿವಿಯ ಪಕ್ಕ ಮೂರೇ ಮೂರು ಚಿಟ್ಟಿ ಇಟ್ಟುಕೊಟ್ಟರು.

ಇತ್ತ ಮಾವನ ಚಿಂತೆ ಬೇರೆ. ಹಿಮ್ಮೇಳಕ್ಕೆ ಜನ ಇರಲಿಲ್ಲ, ಮುದ್ರಿಸಿಕೊಂಡ ಹಾಡು ಮಾತ್ರ. ಆದರೆ ಚೌಕಿಯ ಗೋಡೆಯಲ್ಲಿ ಅಲಂಕಾರಕ್ಕೆಂದು ಒಂದು ಮದ್ದಳೆ ನೇತುಹಾಕಿದ್ದರು. ಯಜಮಾನರ ಅಜ್ಜನ ಮೇಳದ ಕಾಲದ್ದಂತೆ. ಮಾವ ಅದನ್ನು ಇಳಿಸಿಕೊಂಡು ತೊಡೆಯ ಮೇಲೆ ಇಟ್ಟು ಒಂದು ಬೆರಳು ತಾಗಿಸಿದರು. ಹಸಿ ಮಣ್ಣಿಗೆ ಕೈ ಬಡಿದ ಹಾಗೆ ಸದ್ದು. ಕರಣೆಯ ಕಪ್ಪು ಲೇಪ ಬಿರುಕು ಬಿಟ್ಟಿತ್ತು, ಚರ್ಮದ ಮುಚ್ಚಿಗೆ ಸಡಿಲ, ಬಾರುಗಳಿಗೆ ಬೂಸ್ಟು. “ಈ ಥಂಡಿಯಲ್ಲಿ ಗೋಡೆಗೆ ತಾಗಿಸಿ ಇಡುವುದಾ ಇದನ್ನು?” ಎಂದು ಕೇಳುವಾಗ ಅವರ ಸ್ವರ ನಡುಗುತ್ತಿತ್ತು. ಅಡುಗೆಮನೆಗೆ ಒಯ್ದು ಚೇಚಿಯ ಒಲೆಯಿಂದ ಎರಡು ಮೊಳ ದೂರದಲ್ಲಿ ಕೂತು, ತಿರುಗಿಸಿ ತಿರುಗಿಸಿ ಕಾಯಿಸಿದರು. ಚೇಚಿ ಕೆಂಡ ಎಳೆದು ಕೊಡುತ್ತಿದ್ದಳು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು. ಒಂದು ಗಂಟೆ ಕಾಯಿಸಿದರೂ ಶ್ರುತಿ ಏರಲಿಲ್ಲ.

ಒಂಬತ್ತಕ್ಕೆ ದೀಪ ಆರಿಸಿದರು. ಎರಡು ದೀವಟಿಗೆ, ಅದಕ್ಕೆ ರಾಳದ ಪುಡಿ ಎಸೆದಾಗ ಭುಗ್ಗೆಂದು ಎದ್ದ ಬೆಂಕಿ, ಅದರ ಹಿಂದಿನಿಂದ ಅಂಗಳದ ಕತ್ತಲನ್ನು ಸೀಳಿಕೊಂಡು ಬಂದ ಅಬ್ಬರ. ಸಂಜೆಯಿಂದ ನಮ್ಮೆದುರೇ ಚಾಪೆಯಲ್ಲಿ ಕೂತಿದ್ದ ಮನುಷ್ಯ ಇವರೇ ಎಂದು ಗೊತ್ತಿದ್ದರೂ ಕಾಲು ಹಿಂದೆ ಸರಿಯಿತು. ಕುಣಿತ ಹತ್ತು ನಿಮಿಷ, ಅಷ್ಟೇ. ಮಾವ ಕಂಬಕ್ಕೆ ಒರಗಿ ಕೂತು, ಮುದ್ರಿಸಿದ ಹಾಡಿಗೆ ಕಣ್ಣುಮುಚ್ಚಿ, ನಡುಗುವ ಬೆರಳುಗಳಿಂದ ತಮ್ಮ ಮೊಣಕಾಲಿನ ಮೇಲೆ ಬಾರಿಸುತ್ತಿದ್ದರು. ಅವರ ಬಲಗೈ ಎಲ್ಲಿಯೂ ತಾಳ ತಪ್ಪಲಿಲ್ಲ.

ಭಾನುವಾರ ತಿಂಡಿಗೆ ಪುಟ್ಟು, ಕಡಲೆ. ಲೆಕ್ಕ ಚುಕ್ತಾ ಮಾಡಿ ಹೊರಡುವಾಗ ಮಾವ ಕಾಣಲಿಲ್ಲ. ನೋಡಿದರೆ ಚೌಕಿಯ ಗಣಪತಿಯ ಮುಂದೆ ಯಜಮಾನರ ಜೊತೆ ನಿಂತಿದ್ದರು. ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಿ, ಕರಣೆ ಕಟ್ಟಿಸಿ ತರುತ್ತೇನೆ, ಆಮೇಲೆ ಗೋಡೆಗೆ ಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲಿಡಿ ಎನ್ನುತ್ತಿದ್ದರು. ಯಜಮಾನರು ಪೆಟ್ಟಿಗೆಯಿಂದ ಒಂದು ಹಳೆಯ ಜರಿ ಸೀರೆ ತೆಗೆದು ಮದ್ದಳೆಗೆ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟರು. ದುಡ್ಡಿನ ಮಾತೆತ್ತಿದಾಗ ಮಾವ ಕೇಳಿಸಿಕೊಳ್ಳಲಿಲ್ಲ.

ಕಾರಿನ ಡಿಕ್ಕಿಯಲ್ಲಿ ಜಾಗವಿತ್ತು. ಅವರು ಒಪ್ಪಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಂಡರು. ಪನತ್ತಡಿಗೆ ಇಳಿಯುವ ಒಂದೊಂದು ತಿರುವಿಗೂ ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಕನ್ನಡಿಯಲ್ಲಿ ತನ್ನ ಕಿವಿಯ ಪಕ್ಕದ ಮೂರು ಚಿಟ್ಟಿಗಳನ್ನು ನೋಡಿಕೊಳ್ಳುತ್ತಾ, ನಾಳೆ ಶಾಲೆಗೆ ಹೋಗುವವರೆಗೆ ಮುಖ ತೊಳೆಯುವುದಿಲ್ಲ ಎಂದು ಹಟ ಹಿಡಿದಿದ್ದಳು.