ಸೂಪರ್ ಸ್ಲೈಡ್: ಮೊದಲು ಕಣ್ಣು, ಆಮೇಲೆ ಹೆಬ್ಬೆರಳು

ಹಲವರು ತಮ್ಮ ತಮ್ಮ ಬೊಂಬೆಗಳನ್ನು ಅಡೆತಡೆ ದಾಟಿಸಿ ಓಡಿಸುವ ಸ್ಟಂಬಲ್ ಗೈಸ್ ಎಂಬ ಆನ್‌ಲೈನ್ ಆಟವನ್ನು ಆಡುವವರಲ್ಲಿ, ಅದರ ಸೂಪರ್ ಸ್ಲೈಡ್ ಎಂಬ ಹಿಮದ ಓಟದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಇಳಿಜಾರಿನಲ್ಲಿ ಬೊಂಬೆ ತಾನಾಗಿಯೇ ಜಾರುತ್ತದೆ, ಆಡುವವರಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ, ಗೆದ್ದರೆ ಅದೃಷ್ಟ ಎಂದು ಬಹಳ ಮಂದಿ ಹೇಳುತ್ತಾರೆ. ತುಮಕೂರಿನ ನಮ್ಮ ಗೆಳೆಯರ ಗುಂಪು ಸಂಜೆ ಹೊತ್ತು ಕ್ಯಾತ್ಸಂದ್ರದ ಒಂದು ಮನೆಯ ಮಹಡಿಯಲ್ಲಿ ಸೇರಿ ಈ ಆಟವನ್ನು ಆಡುತ್ತಾ ಬಂದಿದೆ. ಅಲ್ಲಿ ಕಂಡದ್ದನ್ನೇ ಆಧಾರವಾಗಿಟ್ಟುಕೊಂಡು ಹೇಳುವುದಾದರೆ, ಅಭ್ಯಾಸಕ್ಕೆ ಇಷ್ಟು ನೇರವಾಗಿ ಫಲ ಕೊಡುವ ಓಟ ಈ ಆಟದಲ್ಲಿ ಮತ್ತೊಂದಿಲ್ಲ.

ಈ ಬಗೆಯ ಆಟಗಳಿಗೆ ದೊಡ್ಡ ಮಟ್ಟದ ಜನಪ್ರಿಯತೆ ತಂದುಕೊಟ್ಟದ್ದು 2020ರ ಆಗಸ್ಟ್‌ನಲ್ಲಿ ಬಂದ ಫಾಲ್ ಗೈಸ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಆರಂಭವಾದ ಅದರ ಚಳಿಗಾಲದ ಸೀಸನ್‌ನಲ್ಲಿ ಟಂಡ್ರಾ ರನ್, ಸ್ಕೀ ಫಾಲ್‌ನಂತಹ ಹಿಮದ ಸುತ್ತುಗಳಿದ್ದವು. ಆದರೆ ಆಗ ಅದು ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್ ಇದ್ದವರ ಆಟವಾಗಿತ್ತು. ನಮ್ಮಂಥವರ ಕೈಗೆ ಸಿಕ್ಕಿದ್ದು ಫಿನ್ಲೆಂಡಿನ ಕಿಟ್ಕಾ ಗೇಮ್ಸ್ ರೂಪಿಸಿದ, ಸಾಧಾರಣ ಫೋನಿನಲ್ಲೂ ಹಣ ಕೊಡದೆ ಆಡಬಹುದಾದ ಸ್ಟಂಬಲ್ ಗೈಸ್. ಮೂವತ್ತೆರಡು ಜನ ಹೊರಡುತ್ತಾರೆ, ಮೊದಲ ಸುತ್ತಿನಲ್ಲಿ ಹದಿನಾರು, ಎರಡನೆಯದರಲ್ಲಿ ಎಂಟು ಮಂದಿ ಉಳಿಯುತ್ತಾರೆ, ಕೊನೆಗೆ ಒಬ್ಬರು ಗೆಲ್ಲುತ್ತಾರೆ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಉಳಿದ ಓಟಗಳಲ್ಲಿ ತಡೆಯೊಂದು ತಿರುಗುತ್ತಿದ್ದರೆ ಅದರ ಮುಂದೆ ನಿಂತು, ಸಮಯ ನೋಡಿ ದಾಟಬಹುದು. ಸೂಪರ್ ಸ್ಲೈಡ್‌ನಲ್ಲಿ ನಿಲ್ಲುವ ಮಾತೇ ಇಲ್ಲ. ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡವರಿಗೆ ಈ ಅನುಭವ ಚೆನ್ನಾಗಿ ಗೊತ್ತಿರುತ್ತದೆ: ವೇಗ ನಮ್ಮ ಕೈಯಲ್ಲಿರುವುದಿಲ್ಲ, ಮೈಯನ್ನು ಯಾವ ಕಡೆ ಎಷ್ಟು ವಾಲಿಸಬೇಕು ಎಂಬುದಷ್ಟೇ ನಮ್ಮದು, ಅದನ್ನೂ ತಿರುವು ಬರುವ ಮೊದಲೇ ಮಾಡಿರಬೇಕು. ಪರದೆಯ ಎಡಗಡೆಯ ಜಾಯ್‌ಸ್ಟಿಕ್ ಮಾಡುವುದು ಈ ವಾಲಿಸುವ ಕೆಲಸವನ್ನೇ.

ಹೊಸಬರ ಹೆಬ್ಬೆರಳನ್ನು ಹತ್ತಿರದಿಂದ ಗಮನಿಸಿದರೆ ತೊಡಕು ಎಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. ಅವರ ಕಣ್ಣು ತಮ್ಮ ಬೊಂಬೆಯ ಬೆನ್ನಿನ ಮೇಲೆ ನೆಟ್ಟಿರುತ್ತದೆ. ತಿರುವು ಎದುರಿಗೆ ಬಂದಾಗ ಗಾಬರಿಯಾಗಿ ಜಾಯ್‌ಸ್ಟಿಕ್ಕನ್ನು ಒಂದು ಬದಿಗೆ ಪೂರ್ತಿ ತಳ್ಳುತ್ತಾರೆ, ಬೊಂಬೆ ಒಳ ಅಂಚಿಗೆ ಬಡಿಯುವಂತಾದಾಗ ಅಷ್ಟೇ ಜೋರಾಗಿ ಇನ್ನೊಂದು ಬದಿಗೆ ಎಳೆಯುತ್ತಾರೆ, ಹೀಗೆ ಹಾವಿನಂತೆ ಹೊರಳುತ್ತಾ ಹೋದ ಬೊಂಬೆ ನೇರ ಜಾರಿದ್ದಕ್ಕಿಂತ ಎಷ್ಟೋ ಹೆಚ್ಚು ದೂರವನ್ನು ಕ್ರಮಿಸಿರುತ್ತದೆ. ನುರಿತವರ ಹೆಬ್ಬೆರಳು ಅಲುಗಾಡುವುದೇ ಅಪರೂಪ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ, ಇನ್ನೂ ಪಿಯುಸಿಯಲ್ಲಿರುವ ಹುಡುಗಿಯೊಬ್ಬಳ ನೋಟ ಯಾವಾಗಲೂ ಪರದೆಯ ಮೇಲ್ಭಾಗದಲ್ಲಿ, ಅಂದರೆ ಇನ್ನೂ ತಲುಪದ ತಿರುವಿನ ಮೇಲೆ ಇರುತ್ತದೆ. ತಿರುವಿಗೆ ಮುಂಚೆ ಹೊರ ಅಂಚಿಗೆ ಸ್ವಲ್ಪ ಸರಿದು, ನಡುವೆ ಒಳ ಅಂಚನ್ನು ಸವರಿ, ಮತ್ತೆ ಹೊರಗೆ ಬಿಟ್ಟುಕೊಳ್ಳುವ ದಾರಿಯನ್ನು ಅವಳು ಹಿಡಿಯುತ್ತಾಳೆ. ಕಾರು ಓಟಗಾರರು ನೆಚ್ಚುವ ದಾರಿಯೂ ಇದೇ. ವಕ್ರರೇಖೆ ಅಗಲವಾದಷ್ಟೂ ದಿಕ್ಕಿನ ಬದಲಾವಣೆ ನಿಧಾನವಾಗುತ್ತದೆ, ಬೆರಳಿನ ಕೆಲಸವೂ ಕಡಿಮೆಯಾಗುತ್ತದೆ. ಅವಳ ಆಟವನ್ನು ನೋಡುವುದೇ ನನಗೊಂದು ಸಂತೋಷ.

ಇನ್ನು ಶಾರ್ಟ್‌ಕಟ್‌ಗಳ ವಿಚಾರ. ಜಾರುದಾರಿ ಸುತ್ತಿ ಬಳಸಿ ಕೆಳಗಿಳಿಯುವುದರಿಂದ, ಮೇಲಿನ ಅಂಚಿನಿಂದ ಹೊರಕ್ಕೆ ಜಿಗಿದು ನೇರವಾಗಿ ಕೆಳಗಿನ ಹಾದಿಯ ಮೇಲೆ ಇಳಿದರೆ ಇಡೀ ತಿರುವೊಂದನ್ನು ಸುತ್ತುವುದು ತಪ್ಪುತ್ತದೆ. ಈ ಜಿಗಿತಕ್ಕೆ ಧೈರ್ಯಕ್ಕಿಂತ ಕ್ಯಾಮೆರಾದ ಅರಿವು ಮುಖ್ಯ. ನೆಲ ಬಿಡುವ ಮುನ್ನವೇ ಬಲಗೈ ಬೆರಳಿನಿಂದ ನೋಟವನ್ನು ಕೆಳಕ್ಕೆ ತಿರುಗಿಸಿ, ಇಳಿಯುವ ಜಾಗವನ್ನು ಕಣ್ಣಿನಲ್ಲಿ ಹಿಡಿದಿಟ್ಟುಕೊಂಡಿರಬೇಕು, ಏಕೆಂದರೆ ಗಾಳಿಯಲ್ಲಿ ಹುಡುಕುತ್ತಾ ಕೂರಲು ವ್ಯವಧಾನವಿರುವುದಿಲ್ಲ. ಜಿಗಿತದ ಗುಂಡಿಯನ್ನು ಗಾಳಿಯಲ್ಲಿ ಮತ್ತೊಮ್ಮೆ ಒತ್ತಿದರೆ ಬೊಂಬೆ ಡೈವ್ ಮಾಡುತ್ತದೆ, ಅಂದರೆ ಮೈಚಾಚಿ ಮುಂದಕ್ಕೆ ಧುಮುಕುತ್ತದೆ. ಇಳಿಯುವ ಜಾಗ ಸ್ವಲ್ಪದರಲ್ಲಿ ಕೈತಪ್ಪುವಂತಿದ್ದರೆ ಆ ಅಂತರವನ್ನು ತುಂಬಲು ಅದು ನೆರವಾಗುತ್ತದೆ. ಜಿಗಿತ ಕೈಕೊಟ್ಟರೆ ಹಿಂದಿನ ಚೆಕ್‌ಪಾಯಿಂಟ್‌ನಿಂದ ಮತ್ತೆ ಹೊರಡಬೇಕು, ಅಷ್ಟರಲ್ಲಿ ಹಿಂಡು ಮುಂದೆ ಹೋಗಿರುತ್ತದೆ.

ಆದ್ದರಿಂದಲೇ ಶಾರ್ಟ್‌ಕಟ್ ಹಾಕಬೇಕೇ ಬೇಡವೇ ಎಂಬುದನ್ನು ಜಿಗಿತದ ಕೌಶಲ ನೋಡಿಕೊಂಡಲ್ಲ, ಸುತ್ತು ಯಾವುದೆಂದು ನೋಡಿಕೊಂಡು ನಿರ್ಧರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೊದಲ ಸುತ್ತಿನಲ್ಲಿ ಅರ್ಧದಷ್ಟು ಜನ ಕ್ವಾಲಿಫೈ ಆಗುತ್ತಾರೆ, ಅಲ್ಲಿ ಮೊದಲನೆಯವರಾಗಿ ಮುಟ್ಟಿದರೂ ಹದಿನಾರನೆಯವರಾಗಿ ಮುಟ್ಟಿದರೂ ಮುಂದಿನ ಸುತ್ತಿಗೆ ಹೋಗುವುದು ಒಂದೇ. ಬೀಳದೆ ಇಳಿಯುವುದಷ್ಟೇ ಅಲ್ಲಿನ ಕೆಲಸ. ಕೋಡ್ ಹಂಚಿಕೊಂಡು ಗೆಳೆಯರೇ ಸೇರಿ ಆಡುವಾಗ, ಒಬ್ಬರೇ ಗೆಲ್ಲಬೇಕಾದ ಪಂದ್ಯದಲ್ಲಿ, ಎಚ್ಚರಿಕೆಯ ದಾರಿ ಹಿಡಿದವರಿಗೆ ಎರಡನೆಯ ಸ್ಥಾನವೇ ಗತಿ, ಅಲ್ಲಿ ಜಿಗಿಯಲೇಬೇಕು.

ಹೊರಡುವ ಗಳಿಗೆಯ ನೂಕುನುಗ್ಗಲಿನ ಬಗ್ಗೆಯೂ ಒಂದು ಮಾತು. ಮಧ್ಯದಲ್ಲಿ ಗುಂಪು ಕಟ್ಟಿಕೊಂಡು ಇಳಿಯುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ದಿಕ್ಕು ಕಳೆದುಕೊಳ್ಳುತ್ತಾರೆ. ಒಂದು ಕ್ಷಣ ತಡವಾದರೂ ಸರಿಯೇ, ಬದಿಯ ಖಾಲಿ ಜಾಗಕ್ಕೆ ಸರಿದುಕೊಳ್ಳುವುದು ಲೇಸು. ಫೋನಿನ ಮಟ್ಟಿಗೆ ಹೇಳುವುದಾದರೆ, ಬೇಸಿಗೆಯಲ್ಲಿ ಬೆವರಿದ ಬೆರಳು ಗಾಜಿಗೆ ಅಂಟಿಕೊಂಡು ಚಿಕ್ಕ ಚಲನೆಗಳು ದಾಖಲಾಗುವುದಿಲ್ಲ, ಹಾಗಾಗಿ ನಾವು ಪ್ರತಿ ಸುತ್ತಿನ ನಡುವೆ ಪರದೆಯನ್ನೂ ಕೈಯನ್ನೂ ಒಣ ಬಟ್ಟೆಯಿಂದ ಒರೆಸಿಕೊಳ್ಳುತ್ತೇವೆ. ಪಿಂಗ್, ಅಂದರೆ ಇಂಟರ್ನೆಟ್ ಸಂಪರ್ಕದ ವಿಳಂಬ, ಏರಿದ ದಿನ ಬೇರೆಯವರ ಬೊಂಬೆಗಳು ಪರದೆಯ ಮೇಲೆ ಕಾಣುವ ಜಾಗದಲ್ಲಿ ನಿಜವಾಗಿ ಇರುವುದಿಲ್ಲ, ಆಗ ಯಾರ ಪಕ್ಕಕ್ಕೂ ಹೋಗದಿರುವುದೇ ಉಪಾಯ.

ನಮ್ಮ ಗುಂಪಿನಲ್ಲಿ ಇನ್ನೂ ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆ ಒಂದೇ: ಮುಕ್ತಾಯದ ಗೆರೆ ಕಣ್ಣಿಗೆ ಬಿದ್ದ ಮೇಲೆ, ಕೊನೆಯ ಇಳಿಜಾರಿನಲ್ಲಿ ಜಿಗಿಯಬೇಕೇ, ಜಾರುತ್ತಲೇ ಮುಟ್ಟಬೇಕೇ? ಆ ಹುಡುಗಿ ಜಿಗಿತದ ಪಕ್ಷ, ನಾನು ಜಾರುವ ಪಕ್ಷ. ನೆಲದ ಮೇಲಿರುವವರೆಗೆ ಪಕ್ಕದವರು ಬಂದು ಬಡಿದರೂ ದಾರಿಯನ್ನು ಸರಿಪಡಿಸಿಕೊಳ್ಳಬಹುದು ಎಂಬುದು ನನ್ನ ವಾದ. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಉಳಿದಿದ್ದರೆ ಮೇಲಿನ ತಿರುವುಗಳನ್ನೇ ಸರಿಯಾಗಿ ಹಿಡಿದಿಲ್ಲ ಎಂದರ್ಥ ಎಂಬುದು ಅವಳ ಉತ್ತರ.